ಗಣಕಯಂತ್ರವೂ ತಾಯಿಯ ಕೈಬರಹವೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಯಂತ್ರವಿದ್ಯೆಯ ಬಾಗಿಲು ತೆರೆಯದು ಎಂಬ ಭಯ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಬೇರೂರುತ್ತಿದೆ. ಆ ಭಯ ಎಷ್ಟರಮಟ್ಟಿಗೆ ನಿಜವೆಂಬುದನ್ನು, ಯಂತ್ರದೊಡನೆ ನಿತ್ಯವೂ ಪ್ರಯೋಗವಾಡುತ್ತ ಬಾಳಿದ ಒಬ್ಬ ಕಲಾವಿದೆಯ ನಿದರ್ಶನದಿಂದ ವಿಚಾರಿಸೋಣ.

ವೇರಾ ಮೊಲ್ನಾರ್ ಎಂಬುವರು 1924ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಚಿತ್ರಕಲೆಯನ್ನು ಅಭ್ಯಾಸಮಾಡಿ, 1947ರಲ್ಲಿ ಪ್ಯಾರಿಸ್ಸಿಗೆ ಬಂದು ಅಲ್ಲಿಯೇ ನೆಲಸಿದರು. ಕೈಯಲ್ಲಿ ಯಾವ ಯಂತ್ರವೂ ಇಲ್ಲದ ಕಾಲದಲ್ಲಿಯೇ, 1959ರ ಸುಮಾರಿಗೆ, ಅವರು 'ಕಲ್ಪನೆಯ ಯಂತ್ರ'ವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡರು. ಒಂದು ನಿಯಮವನ್ನು ತಾವೇ ವಿಧಿಸಿಕೊಳ್ಳುವುದು, ಅದನ್ನು ತಪ್ಪದೆ ಅನುಸರಿಸಿ ಕೈಯಿಂದ ಚಿತ್ರ ಬರೆಯುವುದು, ನಿಯಮವನ್ನು ತುಸು ಬದಲಿಸಿ ಮತ್ತೆ ಬರೆಯುವುದು: ಇದೇ ಅವರ ದಿನಚರಿಯಾಯಿತು. ನಿಜವಾದ ಗಣಕಯಂತ್ರ ಅವರಿಗೆ ದೊರೆತದ್ದು 1968ರಲ್ಲಿ. ಫೋರ್ಟ್ರಾನ್ ಎಂಬ ಗಣಕಭಾಷೆಯನ್ನು ಕಲಿತು, ತೂತು ಹೊಡೆದ ಕಾರ್ಡುಗಳ ಮೂಲಕ ಆಜ್ಞೆಗಳನ್ನು ಕೊಡುತ್ತಿದ್ದರು. ಆಗ ನೋಡಲು ಪರದೆಯೇ ಇರಲಿಲ್ಲ. ಯಂತ್ರಕ್ಕೆ ಜೋಡಿಸಿದ ಲೇಖನಿ ಕಾಗದದ ಮೇಲೆ ಗೆರೆ ಎಳೆದ ಮೇಲೆಯೇ ಫಲಿತಾಂಶ ತಿಳಿಯುತ್ತಿತ್ತು.

ಅವರ ಪ್ರಯೋಗದ ಸ್ವರೂಪ ಬಹು ಸರಳ. ಸಾಲುಸಾಲಾಗಿ ಚೌಕಗಳನ್ನು ಬರೆಯೆಂದು ಯಂತ್ರಕ್ಕೆ ಹೇಳಿದರೆ ಅದು ಒಂದಿನಿತೂ ತಪ್ಪದೆ ಬರೆಯುತ್ತದೆ. ನೋಡುವ ಕಣ್ಣಿಗೆ ಬೇಸರ. ಪ್ರತಿಯೊಂದು ಚೌಕದ ಮೂಲೆಯನ್ನೂ, ಯಂತ್ರ ತಾನೇ ಮನಬಂದಂತೆ ಆರಿಸಿದ ಸಣ್ಣ ಅಂತರದಷ್ಟು ಸರಿಸೆಂದು ಹೇಳಿದರೆ ಚಿತ್ರಕ್ಕೆ ಉಸಿರು ಬರುತ್ತದೆ. ಅಂತರವನ್ನು ಹೆಚ್ಚಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ನೂರಕ್ಕೆ ಒಂದು ಪಾಲಿನ ಅವ್ಯವಸ್ಥೆ ಸಾಕೆಂಬುದು ಅವರಿಗೆ ಪ್ರಿಯವಾದ ತತ್ತ್ವ. ಎಷ್ಟು ಸಾಕು, ಎಷ್ಟು ಹೆಚ್ಚಾಯಿತು ಎಂಬ ತೀರ್ಮಾನ ಮಾತ್ರ ಯಂತ್ರದ್ದಲ್ಲ, ಕಲಾವಿದೆಯ ಕಣ್ಣಿನದು.

ಅವರ ಕೃತಿಗಳಲ್ಲಿ ನನ್ನ ಹೃದಯವನ್ನು ವಿಶೇಷವಾಗಿ ಮುಟ್ಟಿದ್ದು 'ತಾಯಿಯ ಪತ್ರಗಳು' ಎಂಬ ಚಿತ್ರಮಾಲೆ. ಪ್ಯಾರಿಸ್ಸಿನ ಮಗಳಿಗೆ ತಾಯಿ ವಾರವಾರವೂ ಪತ್ರ ಬರೆಯುತ್ತಿದ್ದರು. ಸಾಲಿನ ಆರಂಭದಲ್ಲಿ ನೆಟ್ಟಗೆ ನಿಂತ ಅಕ್ಷರಗಳು ಕೊನೆಗೆ ಬರುವಷ್ಟರಲ್ಲಿ ತಳಮಳಗೊಳ್ಳುತ್ತಿದ್ದುವು; ವಯಸ್ಸಾದಂತೆ ಆ ತಳಮಳ ಪತ್ರವನ್ನೆಲ್ಲ ವ್ಯಾಪಿಸಿತು. ಒಂದು ದಿನ ಪತ್ರಗಳು ನಿಂತುಹೋದುವು. ಆಗ ಮಗಳು ಆ ಬರಹದ ಓಟವನ್ನೂ ನಡುಕವನ್ನೂ ನಿಯಮಗಳಾಗಿಸಿ, ತಾಯಿಯ ಪತ್ರಗಳನ್ನು ಯಂತ್ರದ ನೆರವಿನಿಂದ ತನಗೆ ತಾನೇ ಬರೆದುಕೊಂಡಳು. ಅಲ್ಲಿ ಓದಲು ಒಂದು ಪದವೂ ಇಲ್ಲ. ಆದರೂ ಅದು ತಾಯಿಯ ಕೈ ಎಂಬುದು ಕಾಣುತ್ತದೆ. ನಿರ್ಜೀವವೆಂದು ನಾವು ದೂರುವ ಯಂತ್ರ, ಅಕ್ಕರೆಯುಳ್ಳವರ ಕೈಗೆ ಸಿಕ್ಕರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 2022ರ ವೆನಿಸ್ ಕಲಾಮೇಳದಲ್ಲಿ ಅವರ ಕೃತಿಗಳು ಪ್ರದರ್ಶಿತವಾದುವು. 2023ರ ಡಿಸೆಂಬರಿನಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ನಿಯಮದಿಂದ ಚಿತ್ರ ಹುಟ್ಟಿಸುವ ಈ ವಿದ್ಯೆ ನಮಗೆ ಹೊಸದೇ? ಮುಂಜಾನೆ ಅಂಗಳ ಸಾರಿಸಿ ಚುಕ್ಕಿಯಿಟ್ಟು, ಚುಕ್ಕಿಯನ್ನು ಬಳಸಿ ಎಳೆ ಎಳೆಯುವ ನಮ್ಮ ತಾಯಂದಿರು ಮಾಡುವುದೂ ಇದನ್ನೇ. ತಮಿಳರು ಕೋಲವೆನ್ನುವ ಆ ರಂಗೋಲಿಯ ವಿನ್ಯಾಸಗಳನ್ನು ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ವ್ಯಾಕರಣಸೂತ್ರಗಳಂತೆ ವಿವರಿಸಿ, 1974ರಲ್ಲಿ ಗಣಕಚಿತ್ರಗಳ ಶಾಸ್ತ್ರಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನಮ್ಮ ಹೊಸ್ತಿಲ ಮುಂದಿನ ಕಲೆ ಗಣಕಶಾಸ್ತ್ರದ ವಿಷಯವಾಯಿತು.

ಇಂದು ಸಾಧನಗಳೂ ಸುಲಭವಾಗಿವೆ. ಕಲಾವಿದರಿಗಾಗಿಯೇ ಬೆನ್ ಫ್ರೈ ಮತ್ತು ಕೇಸಿ ರೀಸ್ ಎಂಬ ಇಬ್ಬರು 2001ರಲ್ಲಿ ಆರಂಭಿಸಿದ 'ಪ್ರೊಸೆಸಿಂಗ್' ಎಂಬ ಸಾಧನ ಉಚಿತವಾಗಿ ದೊರೆಯುತ್ತದೆ. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಹುಟ್ಟಿದ 'ಆರ್ಡುಯಿನೊ' ಅಂಗೈಯಗಲದ ವಿದ್ಯುತ್ ಹಲಗೆ. ಕೆಲವೇ ಸಾಲಿನ ಆಜ್ಞೆಯಿಂದ ಪುಟ್ಟ ದೀಪವೊಂದನ್ನು ಮಿನುಗಿಸಬಹುದು. ಆಜ್ಞೆಯ ಪದಗಳು ಇಂಗ್ಲಿಷಿನವು, ನಿಜ. ಆದರೆ ಆರಂಭಕ್ಕೆ ಬೇಕಾದುವು ಕೆಲವೇ. 'ಮೊದಲು ಏನು, ಅನಂತರ ಏನು, ಎಷ್ಟು ಸಲ' ಎಂಬ ಆಲೋಚನೆಯೇ ಈ ವಿದ್ಯೆಯ ಜೀವ. ಆ ಆಲೋಚನೆ ಮಗುವಿಗೆ ತಾಯ್ನುಡಿಯಲ್ಲಿಯೇ ಚೆನ್ನಾಗಿ ಒದಗುತ್ತದೆ.

ಇನ್ನೊಂದು ಮಾತು. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಕೊಡುವ ಯುನಿಕೋಡ್ ಎಂಬ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ಅಲ್ಲಿ 'ಅ' ಅಕ್ಷರದ ಸಂಖ್ಯೆ 3205, 'ಕ' ಅಕ್ಷರದ್ದು 3221. ಹೊಸೂರಿನಲ್ಲಾಗಲಿ, ಕಾಸರಗೋಡಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ ಆ ಸಂಖ್ಯೆ ಒಂದೇ. ಭೂಪಟದ ಗೆರೆ ನಮ್ಮನ್ನು ಹಂಚಿತು. ಅಕ್ಷರದ ಸಂಖ್ಯೆಯನ್ನು ಹಂಚಲಾರದು.

ಆದುದರಿಂದ ಸಂಘಕ್ಕೆ ನನ್ನದೊಂದು ಬಿನ್ನಹ. ಪುಸ್ತಕಭಂಡಾರದ ಒಂದು ಮೂಲೆಯಲ್ಲಿ ಹಳೆಯದಾದರೂ ಸರಿಯೆ, ಒಂದು ಗಣಕಯಂತ್ರವನ್ನಿರಿಸಿ, ಭಾನುವಾರಕ್ಕೊಂದು ಗಂಟೆ ಮಕ್ಕಳನ್ನು ಕೂಡಿಸಿರಿ. ಮೊದಲ ಪಾಠ ಅಜ್ಜಿಯ ರಂಗೋಲಿಯಾಗಲಿ. ಎರಡನೆಯದು 'ಅ' ಅಕ್ಷರವನ್ನು ನೂರು ಸಲ, ಪ್ರತಿಸಲವೂ ತುಸು ವಾಲಿಸಿ ಬರೆಯಿಸುವುದಾಗಲಿ. ಪರದೆಯನ್ನು ಬರಿದೆ ನೋಡುವ ಮಗು ಪರರ ಆಟಕ್ಕೆ ಪ್ರೇಕ್ಷಕ. ಪರದೆಯ ಮೇಲೆ ತನ್ನ ಅಕ್ಷರವನ್ನು ತಾನೇ ಕುಣಿಸುವ ಮಗು ಕರ್ತೃ. ಅಂಥ ಕರ್ತೃಗಳು ಈ ಗಡಿನಾಡಿನ ಮನೆಮನೆಯಲ್ಲಿಯೂ ಹುಟ್ಟಲೆಂದು ಹಾರೈಸುತ್ತೇನೆ.