ಬಿದ್ದ ತಂಡದ ಒಂದು ವರ್ಷ



ಫುಟ್‌ಬಾಲ್ ಬಗ್ಗೆ ಮಾತನಾಡುವವನು ಬ್ರೆಜಿಲ್, ಅರ್ಜೆಂಟೀನಾಗಳನ್ನು ಬಿಟ್ಟು ಸ್ವಿಟ್ಜರ್ಲೆಂಡಿಗೆ ಏಕೆ ಹೋದ, ಅಲ್ಲಿಯೂ ಎರಡನೇ ದರ್ಜೆಯ ಲೀಗನ್ನೇ ಏಕೆ ಹಿಡಿದ ಎಂದು ನಿಮಗೆ ಅನ್ನಿಸಬಹುದು. ಗೆದ್ದವರ ಕಥೆ ನಮಗೆಲ್ಲ ಗೊತ್ತೇ ಇರುತ್ತದೆ. ದೊಡ್ಡದೊಂದು ಕ್ಲಬ್ಬು ಬಿದ್ದು, ಒಂದು ವರ್ಷ ಸಣ್ಣ ಊರುಗಳ ನಡುವೆ ಆಡಿ, ಮತ್ತೆ ಮೇಲೆ ಬಂದ ಕಥೆಯನ್ನು ನಾನಿಂದು ಹೇಳಬೇಕೆಂದಿದ್ದೇನೆ. ಆ ಕ್ಲಬ್ಬು ಎಫ್‌ಸಿ ಜ್ಯೂರಿಕ್; ಆ ವರ್ಷ 2016-17.

ಕಥೆ ಶುರುವಾಗುವುದು 2016ರ ಮೇ ತಿಂಗಳ ಕೊನೆಯ ವಾರದಲ್ಲಿ, ಜ್ಯೂರಿಕ್ ನಗರದ ಲೆಟ್ಸಿಗ್ರುಂಡ್ ಮೈದಾನದಲ್ಲಿ. ಮೇ 25, ಬುಧವಾರ, ಲೀಗಿನ ಕೊನೆಯ ಸುತ್ತು. ಜ್ಯೂರಿಕ್ ತಂಡ ಅಂದು ವಾಡೂಜ್ ತಂಡವನ್ನು 3-1ರಿಂದ ಸೋಲಿಸಿತು. ಆದರೆ ಅತ್ತ ಲುಗಾನೊ ತಂಡವೂ ತನ್ನ ಪಂದ್ಯ ಗೆದ್ದುಕೊಂಡಿತ್ತು. ಲೆಕ್ಕ ಹಾಕಿ ನೋಡಿದರೆ ವಾಡೂಜ್‌ಗೆ 36 ಅಂಕ, ಲುಗಾನೊಗೆ 35, ಜ್ಯೂರಿಕ್‌ಗೆ 34. ಹತ್ತು ತಂಡಗಳಲ್ಲಿ ಕೊನೆಯ ಸ್ಥಾನ. ಕೊನೆಯ ತಂಡ ಕೆಳಗಿನ ಲೀಗಿಗೆ ಇಳಿಯಲೇಬೇಕು. ಗೆದ್ದ ದಿನವೇ ತಂಡ ಬಿತ್ತು. ಮುಖ ಮುಚ್ಚಿಕೊಂಡ ಕೆಲವು ಬೆಂಬಲಿಗರು ಆಟಗಾರರ ಕೊಠಡಿಗಳ ಕಡೆಗೆ ನುಗ್ಗಿದರು.

ನಾಲ್ಕು ದಿನ ಕಳೆದು ಭಾನುವಾರ, ಅದೇ ಮೈದಾನದಲ್ಲಿ ಸ್ವಿಸ್ ಕಪ್ ಫೈನಲ್. ಎದುರಾಳಿ ಯಾರು ಅಂದುಕೊಂಡಿರಿ? ಅದೇ ಲುಗಾನೊ. ಒಂದಂಕದ ಅಂತರದಲ್ಲಿ ಉಳಿದುಕೊಂಡ ತಂಡ, ಒಂದಂಕದ ಅಂತರದಲ್ಲಿ ಬಿದ್ದ ತಂಡ. ಸಾಂಗೊನೆ ಸಾರ್ ಹೊಡೆದ ಒಂದೇ ಗೋಲಿನಿಂದ ಜ್ಯೂರಿಕ್ ಗೆದ್ದಿತು. ಆಗ ಕಪ್ ಗೆದ್ದವರಿಗೆ ಯುರೋಪಾ ಲೀಗಿನಲ್ಲಿ ಆಡುವ ಹಕ್ಕು ಸಿಗುತ್ತಿತ್ತು. ಹೀಗಾಗಿ ತನ್ನ ದೇಶದ ಮೊದಲ ದರ್ಜೆಯಲ್ಲಿ ಜಾಗವಿಲ್ಲದ ತಂಡಕ್ಕೆ ಇಡೀ ಖಂಡದ ಪಂದ್ಯಾವಳಿಯಲ್ಲಿ ಜಾಗ ಸಿಕ್ಕಿತು.

ಇದರೊಳಗೆ ಇನ್ನೊಂದು ಉಪಕಥೆಯಿದೆ. ಅರ್ಮಾಂಡೊ ಸದಿಕು ಎಂಬ ಅಲ್ಬೇನಿಯಾದ ಮುನ್ಪಡೆ ಆಟಗಾರ ಜ್ಯೂರಿಕ್ ಕ್ಲಬ್ಬಿನವನು. 2016ರ ಆರಂಭದಲ್ಲಿ ಕ್ಲಬ್ಬು ಅವನನ್ನು ಎರವಲಾಗಿ ವಾಡೂಜ್‌ಗೆ ಕೊಟ್ಟಿತು. ಅಲ್ಲಿ ಅವನು ಗೋಲು ಹೊಡೆದ; ವಾಡೂಜ್ ಉಳಿಯಿತು, ಅವನನ್ನು ಕೊಟ್ಟವರು ಮುಳುಗಿದರು. ಜೂನ್ 19ರಂದು ಅದೇ ಸದಿಕು ಯುರೋ ಪಂದ್ಯಾವಳಿಯಲ್ಲಿ ರುಮೇನಿಯಾ ವಿರುದ್ಧ ಗೋಲು ಹೊಡೆದ. ದೊಡ್ಡ ಪಂದ್ಯಾವಳಿಯೊಂದರಲ್ಲಿ ಅಲ್ಬೇನಿಯಾದ ಮೊತ್ತಮೊದಲ ಗೋಲು ಅದು. ಆಮೇಲೆ ಬೇಸಿಗೆ ರಜೆ ಮುಗಿಸಿ ಅವನು ಬಂದು ಸೇರಿದ್ದು ಎರಡನೇ ದರ್ಜೆಗೆ ಇಳಿದಿದ್ದ ಜ್ಯೂರಿಕ್ ತಂಡವನ್ನು. ಈ ಸದಿಕುವನ್ನು ನಿಮ್ಮಲ್ಲಿ ಕೆಲವರು ನೋಡಿಯೂ ಇರಬಹುದು. 2023ರಲ್ಲಿ ಅವನು ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಬಂದ, ಮರುವರ್ಷ ಗೋವಾ ತಂಡಕ್ಕೆ ಹೋದ. ಬೆಂಗಳೂರು ಎಫ್‌ಸಿ ಬೆಂಬಲಿಗರಿಗೆ ಅವನ ಹೆಸರು ಹೊಸದಲ್ಲ.

ಈ ಏಳುಬೀಳಿನ ಏರ್ಪಾಟನ್ನು ಸ್ವಲ್ಪ ವಿವರಿಸಬೇಕು. ಸರ್ಕಾರಿ ಕಚೇರಿಯ ಬಡ್ತಿ, ಹಿಂಬಡ್ತಿ ನಮಗೆ ಗೊತ್ತು. ಯುರೋಪಿನಲ್ಲಿ ಕ್ಲಬ್ಬುಗಳಿಗೂ ಅದೇ ನಿಯಮ. ನಮ್ಮ ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷವೂ ಅದೇ ಜಾಗದಲ್ಲಿರುತ್ತದೆ. ಸೋಲಿಗೆ ಅವಮಾನವುಂಟು, ಶಿಕ್ಷೆಯಿಲ್ಲ. ಅಲ್ಲಿ ಹಾಗಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮೇಲಿನದು ಸೂಪರ್ ಲೀಗ್, ಅದರ ಕೆಳಗೆ ಚಾಲೆಂಜ್ ಲೀಗ್. ಆಗ ಎರಡರಲ್ಲೂ ಹತ್ತು ಹತ್ತು ತಂಡಗಳು. ಪ್ರತಿಯೊಂದು ತಂಡವೂ ಉಳಿದ ಒಂಬತ್ತರೊಡನೆ ನಾಲ್ಕು ಸಲ ಆಡಿ ಒಟ್ಟು 36 ಪಂದ್ಯ ಮುಗಿಸುತ್ತಿತ್ತು. ಮೇಲಿನ ಒಂದು ತಂಡ ಇಳಿಯುತ್ತಿತ್ತು, ಕೆಳಗಿನ ಒಂದು ಏರುತ್ತಿತ್ತು. ಮೇಲಿನ ಲೀಗು ಹನ್ನೆರಡು ತಂಡಗಳದಾದದ್ದು 2023ರಲ್ಲಿ.

ಲೀಗುಗಳ ಹೆಸರು ಇಂಗ್ಲಿಷಿನಲ್ಲಿರುವುದನ್ನು ಗಮನಿಸಿರಬಹುದು. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ಭಾಷೆಗಳ ದೇಶ ಅದು. 2003ರಲ್ಲಿ ಹಳೆಯ 'ನ್ಯಾಷನಲ್‌ಲಿಗಾ ಬಿ' ಹೋಗಿ 'ಚಾಲೆಂಜ್ ಲೀಗ್' ಬಂತು. ಯಾರ ಭಾಷೆಯೂ ಅಲ್ಲದ ಭಾಷೆಯಲ್ಲಿ ಹೆಸರಿಟ್ಟರೆ ಯಾರಿಗೂ ಮುನಿಸಿಲ್ಲ. ಭಾಷೆಯ ಜಗಳ ಕಂಡಿರುವ ನಮಗೆ ಈ ಉಪಾಯ ಬೇಗ ಅರ್ಥವಾಗುತ್ತದೆ. ಆ ದೇಶಕ್ಕೆ ಫುಟ್‌ಬಾಲ್ ತಂದವರು ಇಂಗ್ಲಿಷರೇ ಎಂಬುದೂ ನಿಜ. ಜ್ಯೂರಿಕ್‌ನಲ್ಲಿ ಗ್ರಾಸ್‌ಹಾಪರ್ ಕ್ಲಬ್ಬನ್ನು 1886ರಲ್ಲಿ ಕಟ್ಟಿದವನು ಟಾಮ್ ಗ್ರಿಫಿತ್ ಎಂಬ ಇಂಗ್ಲಿಷ್ ವಿದ್ಯಾರ್ಥಿ. ಗ್ರಾಸ್‌ಹಾಪರ್ ಅಂದರೆ ಮಿಡತೆ.

ಹತ್ತು ವರ್ಷಗಳ ನಂತರ, 1896ರಲ್ಲಿ, ಅದೇ ಊರಿನಲ್ಲಿ ಎಫ್‌ಸಿ ಜ್ಯೂರಿಕ್ ಹುಟ್ಟಿತು. ಸ್ಥಾಪಕರಲ್ಲಿ ಹಾನ್ಸ್ ಗಾಂಪರ್ ಒಬ್ಬ. ಹುಟ್ಟಿದ್ದು ಪಕ್ಕದ ವಿಂಟರ್‌ತೂರ್‌ನಲ್ಲಿ. ಮುಂದೆ ಸ್ಪೇನಿಗೆ ಹೋಗಿ 1899ರಲ್ಲಿ ಇನ್ನೊಂದು ಕ್ಲಬ್ಬು ಕಟ್ಟಿದ. ಬಾರ್ಸಿಲೋನಾ ಅಂದರೆ ಸಾಕು, ಹೆಚ್ಚು ಹೇಳಬೇಕಾಗಿಲ್ಲ. ಗ್ರಾಸ್‌ಹಾಪರ್ ಅಂದರೆ ಗುಡ್ಡದ ಮೇಲಿನ ಸಿರಿವಂತರ ತಂಡ, ಎಫ್‌ಸಿ ಜ್ಯೂರಿಕ್ ಅಂದರೆ ಕಾರ್ಮಿಕರ ಬಡಾವಣೆಯ ತಂಡ ಎಂಬ ನಂಬಿಕೆ ಆ ಊರಿನಲ್ಲಿ ಬೇರೂರಿದೆ. ಇಂಥ ನಂಬಿಕೆಗಳು ಅರ್ಧ ನಿಜ, ಅರ್ಧ ಅಭಿಮಾನ. ಜ್ಯೂರಿಕ್ ತಂಡದ ಅಧ್ಯಕ್ಷ ಆಂಚಿಲೊ ಕನೇಪಾ ಮತ್ತು ಅವರ ಪತ್ನಿ ಹೆಲಿಯಾನೆ ಬಡವರೇನೂ ಅಲ್ಲ. ತಮ್ಮ ಸ್ವಂತ ಹಣ ಸುರಿದು ಕ್ಲಬ್ಬು ನಡೆಸಿದವರು.

ಆ ಕ್ಲಬ್ಬು ಸಾಮಾನ್ಯದ್ದಲ್ಲ. 1964ರಲ್ಲಿ, ಮತ್ತೆ 1977ರಲ್ಲಿ ಯುರೋಪಿಯನ್ ಕಪ್ ಸೆಮಿಫೈನಲ್ ತಲುಪಿತ್ತು. 2006ರ ಮೇ 13ರಂದು ಬಾಸೆಲ್ ನಗರದಲ್ಲಿ, ಬಾಸೆಲ್ ತಂಡದೆದುರು, ನಿಗದಿತ ವೇಳೆ ಮುಗಿದ ಮೇಲೆ ಫಿಲಿಪೆಸ್ಕು ಹೊಡೆದ ಗೋಲಿನಿಂದ ಲೀಗ್ ಪ್ರಶಸ್ತಿ ಕಿತ್ತುಕೊಂಡಿತ್ತು. 2009ರಲ್ಲಿ ಮಿಲಾನ್‌ಗೆ ಹೋಗಿ ಎಸಿ ಮಿಲಾನ್ ತಂಡವನ್ನೇ 1-0ರಿಂದ ಸೋಲಿಸಿತ್ತು. ಅದರ ಮೈದಾನ ಲೆಟ್ಸಿಗ್ರುಂಡ್‌ಗೂ ತನ್ನದೇ ಕೀರ್ತಿಯಿದೆ. ಅರ್ಮಿನ್ ಹಾರಿ 1960ರಲ್ಲಿ ನೂರು ಮೀಟರನ್ನು 10 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದು ಅಲ್ಲಿಯೇ. ಅಂಥ ತಂಡ ಹಿಂದಿನ ಸಲ ಕೆಳಗೆ ಬಿದ್ದದ್ದು 1988ರಲ್ಲಿ. ಮೇಲೆ ಬರಲು ಆಗ ಎರಡು ವರ್ಷ ಹಿಡಿದಿತ್ತು.

ಇನ್ನು ಆ ವರ್ಷದ ಒಂಬತ್ತು ಎದುರಾಳಿಗಳನ್ನು ನೋಡೋಣ. ನನ್ನ ಮಟ್ಟಿಗೆ ಕಥೆಯ ನಿಜವಾದ ಸ್ವಾರಸ್ಯ ಇರುವುದು ಇಲ್ಲಿಯೇ.

ಜ್ಯೂರಿಕ್ ನಾಲ್ಕು ಲಕ್ಷ ಜನರ ನಗರ, ಬ್ಯಾಂಕುಗಳ ತವರು. ವೋಲೆನ್ ಸುಮಾರು 16 ಸಾವಿರ ಜನರ ಊರು. ಒಂದು ಕಾಲದಲ್ಲಿ ಹುಲ್ಲು ಹೆಣೆದು ಟೋಪಿಗೆ ಬೇಕಾದ ಸಾಮಗ್ರಿ ಮಾಡಿ ಹೊರದೇಶಗಳಿಗೆ ಕಳಿಸುತ್ತಿತ್ತು. ಈಗ ಆ ಕಸುಬಿನ ವಸ್ತುಸಂಗ್ರಹಾಲಯ ಉಳಿದಿದೆ. ಕಿಯಾಸ್ಸೊ ಇಟಲಿಯ ಗಡಿಗೆ ಅಂಟಿಕೊಂಡ ರೈಲು ನಿಲ್ದಾಣದ ಊರು, ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಲೊಸಾನ್ ನಗರದ ಮೇಲ್ಗಡೆಯ ಲ ಮೋಂಟ್ ಕೂಡ ಅಷ್ಟೇ ದೊಡ್ಡದು. ಶಾಫ್‌ಹೌಸನ್ ಅಂದರೆ ರೈನ್ ನದಿಯ ಜಲಪಾತದ ಊರು, ನಮ್ಮ ಪ್ರವಾಸಿಗರ ಫೋಟೊಗಳಲ್ಲಿ ತಪ್ಪದೆ ಇರುವಂಥದ್ದು. ಜತೆಗೆ ಆರಾವ್, ವಿಲ್, ಮತ್ತು ಗಾಂಪರ್ ಹುಟ್ಟಿದೂರು ವಿಂಟರ್‌ತೂರ್.

ಉಳಿದ ಎರಡು ತಂಡಗಳು ಹಳೆಯ ಜಮೀನ್ದಾರಿ ಮನೆಗಳ ಹಾಗೆ. ಜಿನೀವಾದ ಸರ್ವೆಟ್ 17 ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತಂಡ. 2005ರಲ್ಲಿ ದಿವಾಳಿಯಾಗಿ ಕೆಳಕ್ಕೆ ಬಿದ್ದಿತ್ತು. ನ್ಯೂಶಾಟೆಲ್‌ನ ಕ್ಸಾಮಾಕ್ಸ್ ತಂಡದ ಹೆಸರೇ ಒಂದು ಚಮತ್ಕಾರ. ಹಿಂದಿನ ಕಾಲದ ಆಟಗಾರ ಮ್ಯಾಕ್ಸ್ ಅಬೆಗ್ಲೆನ್‌ನನ್ನು ಹೆಸರು ತಿರುಗಿಸಿ 'ಕ್ಸಾಮ್' ಎಂದು ಕರೆಯುತ್ತಿದ್ದರಂತೆ, ಅದರಿಂದ ಕ್ಸಾಮಾಕ್ಸ್. ರೋಮನ್ ಲಿಪಿಯಲ್ಲಿ ಹಿಂದಿನಿಂದ ಓದಿದರೂ ಅದೇ ಬರುತ್ತದೆ. ಈ ಕ್ಲಬ್ಬನ್ನು ಚೆಚೆನ್ಯಾದ ಬುಲಾತ್ ಚಗಾಯೆವ್ ಎಂಬ ವ್ಯಾಪಾರಿ 2011ರಲ್ಲಿ ಕೊಂಡ. 2012ರ ಜನವರಿಯ ಹೊತ್ತಿಗೆ ಅದು ಪರವಾನಗಿ ಕಳೆದುಕೊಂಡು ದಿವಾಳಿಯಾಗಿತ್ತು. ಎರಡೂ ಕ್ಲಬ್ಬುಗಳು ತೀರಾ ಕೆಳಗಿನ ಲೀಗುಗಳಿಂದ ಮತ್ತೆ ಮೆಟ್ಟಿಲು ಹತ್ತಿ ಅಲ್ಲಿಯವರೆಗೆ ಬಂದಿದ್ದವು. ತಾನೇ ದೊಡ್ಡ ದುಃಖಿ ಅಂದುಕೊಂಡು ಬಂದ ಜ್ಯೂರಿಕ್‌ಗೆ ಅಲ್ಲಿ ತನಗಿಂತ ಹೆಚ್ಚು ನೊಂದವರು ಸಿಕ್ಕಿದರು.

ಆ ಶರತ್ಕಾಲದ ದಿನಚರಿ ವಿಚಿತ್ರವಾಗಿತ್ತು. ಸೆಪ್ಟೆಂಬರ್ 15, ಗುರುವಾರ, ಸ್ಪೇನಿನ ವಿಲ್ಯರೆಯಾಲ್ ಮೈದಾನದಲ್ಲಿ ಪಂದ್ಯ. ಹಿಂದಿನ ವರ್ಷ ಸ್ಪೇನಿನ ಲೀಗಿನಲ್ಲಿ ನಾಲ್ಕನೆಯದಾಗಿದ್ದ ತಂಡ ಅದು. ಜ್ಯೂರಿಕ್ 1-2ರಿಂದ ಸೋತಿತು. ಮನೆಗೆ ಬಂದು ಟರ್ಕಿಯ ಒಸ್ಮಾನ್ಲಿಸ್ಪೋರ್ ತಂಡವನ್ನು 2-1ರಿಂದ ಸೋಲಿಸಿತು. ಬುಖಾರೆಸ್ಟಿನ ಸ್ಟೆವಾ ತಂಡದೊಡನೆ ಎರಡು ಪಂದ್ಯಗಳೂ ಡ್ರಾ. ನವೆಂಬರಿನಲ್ಲಿ ವಿಲ್ಯರೆಯಾಲ್ ಲೆಟ್ಸಿಗ್ರುಂಡ್‌ಗೆ ಬಂದಾಗ 1-1. ಡಿಸೆಂಬರಿನಲ್ಲಿ ಟರ್ಕಿಯಲ್ಲಿ 0-2ರಿಂದ ಸೋತು ಪಂದ್ಯಾವಳಿಯಿಂದ ಹೊರಬಿತ್ತು. ಆರು ಪಂದ್ಯಗಳಲ್ಲಿ ಆರು ಅಂಕ. ಎರಡನೇ ದರ್ಜೆಯ ತಂಡಕ್ಕೆ ನಾಚಿಕೆಪಡುವಂಥದ್ದೇನಲ್ಲ. ಈ ಗುರುವಾರಗಳ ನಡುವಿನ ದಿನಗಳಲ್ಲಿ ಅದೇ ಆಟಗಾರರು ವೋಲೆನ್, ವಿಲ್, ಕಿಯಾಸ್ಸೊಗಳ ಪುಟ್ಟ ಮೈದಾನಗಳಲ್ಲಿ ಆಡಬೇಕಿತ್ತು. ಅಲ್ಲಿಯ ಆಟಗಾರನಿಗೆ ಅದು ವರ್ಷದ ಪಂದ್ಯ. ಇವನಿಗೆ ವಾರದ ಕೆಲಸ. ದೊಡ್ಡ ತಂಡಗಳು ಎಡವುವುದು ಈ ವ್ಯತ್ಯಾಸದಲ್ಲಿಯೇ.

ಜ್ಯೂರಿಕ್ ಎಡವಲಿಲ್ಲ, ಅಥವಾ ಬೀಳುವಷ್ಟು ಎಡವಲಿಲ್ಲ. ತರಬೇತುದಾರ ಊಲಿ ಫೋರ್ಟೆ. ತಂಡ ಬೀಳುವ ಎರಡು ವಾರ ಮೊದಲು, ಫಿನ್ಲೆಂಡಿನ ಸಾಮಿ ಹ್ಯೂಪಿಯಾ ಅವರನ್ನು ತೆಗೆದು ಇವರನ್ನು ತಂದಿದ್ದರು. ಮುಳುಗುವ ದೋಣಿಗೆ ಕೊನೆಗಳಿಗೆಯಲ್ಲಿ ಹತ್ತಿದ ಅಂಬಿಗ. ದೋಣಿ ಮುಳುಗಿದ ಮೇಲೂ ಇಳಿದು ಹೋಗಲಿಲ್ಲ. 2013ರಲ್ಲಿ ಇದೇ ಮನುಷ್ಯ ಎದುರು ಪಾಳಯದ ಗ್ರಾಸ್‌ಹಾಪರ್‌ಗೆ ಕಪ್ ಗೆದ್ದುಕೊಟ್ಟಿದ್ದರು ಎಂಬುದನ್ನು ಜ್ಯೂರಿಕ್ ಬೆಂಬಲಿಗರು ಹೇಗೆ ನುಂಗಿಕೊಂಡರೋ!

ಚಳಿಗಾಲದ ಬಿಡುವಿನಲ್ಲಿ ಸದಿಕು ಲುಗಾನೊಗೆ ಹೋದ. ಹೌದು, ಮತ್ತೆ ಲುಗಾನೊ. ಅವನ ಜಾಗ ತುಂಬಲು ಘಾನಾ ದೇಶದ ರಫಾಯೆಲ್ ದ್ವಾಮೆನಾ ಎಂಬ ಹುಡುಗ ಆಸ್ಟ್ರಿಯಾದ ಲುಸ್ಟೆನಾವ್ ತಂಡದಿಂದ ಬಂದ. ವಸಂತದುದ್ದಕ್ಕೂ ಮೇಲಿಂದ ಮೇಲೆ ಗೋಲು ಹೊಡೆದ. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬು ಅವನನ್ನು ಕೊಳ್ಳಲು ಮುಂದಾದಾಗ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ತೊಂದರೆ ಕಾಣಿಸಿ ಒಪ್ಪಂದ ಮುರಿಯಿತು. ಆದರೂ ಅವನು ಆಟ ಬಿಡಲಿಲ್ಲ. 2023ರ ನವೆಂಬರ್ 11ರಂದು ಅಲ್ಬೇನಿಯಾದಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡ. ವಯಸ್ಸು 28. ಒಂದು ಎರಡನೇ ದರ್ಜೆಯ ಲೀಗಿನ ಅರ್ಧ ವರ್ಷವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ಕೇಳಬಹುದು. ಜ್ಯೂರಿಕ್‌ನವರು ಇಟ್ಟುಕೊಂಡಿದ್ದಾರೆ.

ಅದೇ ಫೆಬ್ರವರಿಯಲ್ಲಿ ವಿಲ್ ಊರಿಗೆ ಬೇರೆ ಬಗೆಯ ಸಂಕಟ ಬಂತು. 2015ರಲ್ಲಿ ಟರ್ಕಿಯ ಹೂಡಿಕೆದಾರರು ಆ ಪುಟ್ಟ ಕ್ಲಬ್ಬನ್ನು ಕೊಂಡು, ಹೆಸರುವಾಸಿ ಆಟಗಾರರನ್ನು ಕರೆತಂದು, ಮೇಲಿನ ಲೀಗಿನ ಕನಸು ಬಿತ್ತಿದ್ದರು. 2017ರ ಆರಂಭದಲ್ಲಿ, ಲೀಗು ಅರ್ಧಕ್ಕೆ ಬಂದಿರುವಾಗ, ಕೈಬಿಟ್ಟು ಹೋದರು. ಸಂಬಳದ ಪಟ್ಟಿ ಮಾತ್ರ ಉಳಿಯಿತು. ಊರಿನವರು ಸೇರಿ ಕ್ಲಬ್ಬನ್ನು ಬದುಕಿಸಿಕೊಂಡರು. ಹೊರಗಿನ ಹಣದ ಮೇಲೆ ನಿಂತ ಮಹಡಿಗೂ ಊರಿನ ಬೆಂಬಲದ ಮೇಲೆ ನಿಂತ ಗೋಡೆಗೂ ಇರುವ ವ್ಯತ್ಯಾಸವನ್ನು ಕ್ಸಾಮಾಕ್ಸ್‌ನವರು ಮೊದಲೇ ಕಲಿತಿದ್ದರು.

2017ರ ಮೇ ತಿಂಗಳಲ್ಲಿ ಜ್ಯೂರಿಕ್ ಚಾಲೆಂಜ್ ಲೀಗಿನ ಚಾಂಪಿಯನ್ ಆಗಿ ಮೇಲೆ ಹೋಯಿತು. ಎರಡನೆಯ ಸ್ಥಾನ ಕ್ಸಾಮಾಕ್ಸ್‌ಗೆ. ಅದರ ಸರದಿ ಮರುವರ್ಷ ಬಂತು. ಸರ್ವೆಟ್ 2019ರಲ್ಲಿ ಏರಿತು. ಫೋರ್ಟೆ ಅವರನ್ನು 2018ರ ಫೆಬ್ರವರಿಯಲ್ಲಿ ಕ್ಲಬ್ಬು ಮನೆಗೆ ಕಳಿಸಿತು. ಕಷ್ಟಕಾಲದಲ್ಲಿ ಜೊತೆಗಿದ್ದವರಿಗೆ ಫುಟ್‌ಬಾಲ್ ಲೋಕ ಸಲ್ಲಿಸುವ ಮರ್ಯಾದೆ ಅಷ್ಟೇ. ಅದೇ ಮೇ ತಿಂಗಳಲ್ಲಿ ತಂಡ ಮತ್ತೆ ಸ್ವಿಸ್ ಕಪ್ ಗೆದ್ದಿತು, 2022ರಲ್ಲಿ ಲೀಗನ್ನೂ ಗೆದ್ದಿತು. ಮಿಡತೆಗಳ ತಂಡ ಗ್ರಾಸ್‌ಹಾಪರ್ 2019ರಲ್ಲಿ ತಾನೂ ಕೆಳಗಿಳಿದು, 2021ರಲ್ಲಿ ಮರಳಿತು.

ಉಳಿದವರ ಸುದ್ದಿ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಲ ಮೋಂಟ್ 2017ರಲ್ಲಿಯೇ ಪರವಾನಗಿಯ ತೊಡಕಿನಿಂದ ಹೊರಗೆ ಹೋಯಿತು. ವೋಲೆನ್ 2018ರಲ್ಲಿ, ಆ ದರ್ಜೆಯ ಖರ್ಚು ತನ್ನಿಂದಾಗದು ಎಂದು ತಾನಾಗಿಯೇ ಕೆಳಗಿಳಿಯಿತು. ಕಿಯಾಸ್ಸೊ 2023ರಲ್ಲಿ ದಿವಾಳಿಯಾಯಿತು. ದೊಡ್ಡ ತಂಡ ಬಂದಾಗ ಮೈದಾನ ತುಂಬಿಸಿಕೊಂಡು, ಅದು ಹೋದ ಮೇಲೆ ಮತ್ತೆ ಕೆಲವೇ ಜನರ ಮುಂದೆ ಆಡಿದ ಊರುಗಳು ಇವು. ಜ್ಯೂರಿಕ್‌ಗೆ ಏರಲು ಮೆಟ್ಟಿಲಿದ್ದದ್ದು ಇವರೆಲ್ಲ ಅಲ್ಲಿ ನಿಂತು ಆಡುತ್ತಿದ್ದುದರಿಂದ.

ಅವರಲ್ಲಿ ಒಬ್ಬರ ಕಥೆ ಬೇರೆಯಾಯಿತು. ಗಾಂಪರ್ ಹುಟ್ಟಿದ ವಿಂಟರ್‌ತೂರ್, ಜ್ಯೂರಿಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ಊರು, 1985ರಿಂದ ಮೇಲಿನ ಲೀಗನ್ನು ಕಂಡಿರಲಿಲ್ಲ. 2022ರಲ್ಲಿ, ಜ್ಯೂರಿಕ್ ದೇಶಕ್ಕೆ ಚಾಂಪಿಯನ್ ಆದ ಅದೇ ವರ್ಷ, ವಿಂಟರ್‌ತೂರ್ ಚಾಲೆಂಜ್ ಲೀಗ್ ಗೆದ್ದು 37 ವರ್ಷಗಳ ನಂತರ ಮೇಲೆ ಬಂತು. ಮುಂದಿನ ಹಂಗಾಮಿನಲ್ಲಿ ಆ ಎರಡು ತಂಡಗಳು ಮತ್ತೆ ಎದುರುಬದುರು ನಿಂತವು, ಈ ಸಲ ಮೇಲಿನ ಲೀಗಿನಲ್ಲಿ.