ಒದ್ದೆ ನಾಯಿ ಮತ್ತು ಚಣದ ಬೆಳಕು

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವಕ್ಕೆ ಬಂದು ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಅಂಜಿಕೆಯಾಯಿತು. ನಾನು ವಿಜ್ಞಾನಿಯಲ್ಲ. ಬಿ.ಇ. ಓದಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಬಿಡುವಿದ್ದಾಗ ಫೋಟೋ ತೆಗೆಯುವ ಹುಚ್ಚು ಇದೆ. ಆ ಹುಚ್ಚಿನಲ್ಲಿ ಕಳೆದ ಬೇಸಿಗೆ ನಮ್ಮ ಮನೆಯ ನಾಯಿಯ ಮುಂದೆ ನಾನು ಒಂದು ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳಲು ಹೋದಾಗ, ಇದೇ ಶಾಲೆಯಲ್ಲಿ ಕಲಿತ ಲೆಕ್ಕ ಮತ್ತು ಬೆಳಕಿನ ಪಾಠ ಕೆಲಸಕ್ಕೆ ಬಂತು. ಅದನ್ನೇ ಇವತ್ತು ಹೇಳುತ್ತೇನೆ.

ನಮ್ಮ ನಾಯಿಯ ಹೆಸರು ಕರಿಯ. ಹೆಸರಿಗೆ ತಕ್ಕಂತೆ ಕಪ್ಪು. ಯಾವ ಜಾತಿಯದೂ ಅಲ್ಲ, ಊರ ನಾಯಿ. ವಯಸ್ಸು ಹನ್ನೆರಡು ದಾಟಿದೆ. ಮೊದಲೆಲ್ಲ ಗದ್ದೆಗೆ ನೀರು ಬಿಟ್ಟಾಗ ಅದರಲ್ಲಿ ಹೊರಳಾಡಿ, ನೇರವಾಗಿ ನಮ್ಮ ಹತ್ತಿರವೇ ಬಂದು ಮೈ ಕೊಡವುತ್ತಿತ್ತು. ಶಾಲೆಗೆ ಹೊರಟು ನಿಂತವನ ಬಿಳಿ ಅಂಗಿಯ ಮೇಲೆ ಕೆಸರಿನ ಚುಕ್ಕಿ ಬಿದ್ದರೆ ಆ ಮನೆಯಲ್ಲಿ ನಾಯಿ ಇದೆ ಎಂದೇ ಅರ್ಥ. ಇದು ನಿಮಗೆಲ್ಲ ಗೊತ್ತು. ಈಗ ಕರಿಯನಿಗೆ ಗದ್ದೆಯವರೆಗೆ ನಡೆಯುವುದು ಕಷ್ಟ. ಅವ್ವ ಹಿತ್ತಲಲ್ಲಿ ಮೈ ತೊಳೆದಾಗ ಮಾತ್ರ ಆ ಹಳೆಯ ಹುರುಪು ಬರುತ್ತದೆ. ಅದರದೊಂದು ಒಳ್ಳೆಯ ಚಿತ್ರ ನಮ್ಮ ಮನೆಯಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ತೆಗೆದದ್ದೆಲ್ಲ ಕಪ್ಪು ಮಸಿಯ ಉಂಡೆಯಂತೆ ಬಂದಿತ್ತು.

ಅಮೆರಿಕದ ಕಾರ್ಲಿ ಡೇವಿಡ್‌ಸನ್ ಎಂಬ ಛಾಯಾಗ್ರಾಹಕಿ ಮೈ ಕೊಡವುವ ನಾಯಿಗಳ ಚಿತ್ರಗಳದ್ದೇ ಒಂದು ಪುಸ್ತಕವನ್ನು 2013ರಲ್ಲಿ ತಂದಿದ್ದಾರೆ. ತುಟಿ ಒಂದು ಕಡೆ, ಕಿವಿ ಇನ್ನೊಂದು ಕಡೆ ಹಾರಿರುವ ಆ ಚಿತ್ರಗಳನ್ನು ನೋಡಿ, ಕರಿಯನದೂ ಹೀಗೊಂದು ತೆಗೆಯಬೇಕು ಎಂದು ರಜೆ ಹಾಕಿ ಊರಿಗೆ ಬಂದೆ.

ಮೊದಲ ದಿನ ಸಂಜೆ ಕತ್ತಲಾದ ಮೇಲೆ ಹಿತ್ತಲ ಬಲ್ಬು ಆರಿಸಿದೆ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸಿ, ಅದರ ಶಕ್ತಿಯನ್ನು ಪೂರ್ತಿ ಏರಿಸಿದೆ. ನಾಯಿ ಕಪ್ಪು, ರಾತ್ರಿ ಕಪ್ಪು, ಹೆಚ್ಚು ಬೆಳಕು ಕೊಟ್ಟಷ್ಟೂ ಒಳ್ಳೆಯದು ಎಂಬುದು ನನ್ನ ಲೆಕ್ಕ. ಅವ್ವ ನೀರು ಹಾಕಿ ಸರಿದಳು. ಕರಿಯ ಮೈ ಕೊಡವಿತು. ನಾನು ಗುಂಡಿ ಒತ್ತಿದೆ. ಮುಖಕ್ಕೆ ಎದುರಾಗಿ ಸಿಡಿಲು ಹೊಡೆದಂತೆ ಆಗಿರಬೇಕು. ಕರಿಯ ಕುಂಯ್ ಎಂದು ಓಡಿಹೋಗಿ ಟ್ರ್ಯಾಕ್ಟರ್ ಟ್ರೇಲಿಯ ಕೆಳಗೆ ಸೇರಿಕೊಂಡಿತು. ಕರೆದರೂ ಬರಲಿಲ್ಲ. ಬೆಳಿಗ್ಗೆ ಅವ್ವ, "ಅದಕ್ಕ ಏನ್ ಮಾಡಿದಿ ನೀ? ರಾತ್ರಿ ರೊಟ್ಟಿ ಹಾಕಿದ್ರ ಮೂಸಿ ಸುದ್ದಾ ನೋಡಲಿಲ್ಲ. ವಯಸ್ಸಾದ ಜೀವ ಅದು, ಅದರ ಕೂಡ ಆಟ ಆಡಬ್ಯಾಡ" ಅಂದಳು.

ಇಷ್ಟು ಮಾಡಿಯೂ ಚಿತ್ರ ಬಂದಿತ್ತೇ? ಇಲ್ಲ. ಹನಿಗಳೆಲ್ಲ ಗೆರೆಗಳಾಗಿದ್ದವು. ಕಿವಿ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗಿದೆಯೋ ತಿಳಿಯುತ್ತಿರಲಿಲ್ಲ. ನಾಯಿಯೂ ಹೆದರಿತು, ಚಿತ್ರವೂ ಕೆಟ್ಟಿತು. ಅವತ್ತು ಇವೆರಡೂ ಬೇರೆ ಬೇರೆ ತಪ್ಪುಗಳು ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಎರಡಕ್ಕೂ ಕಾರಣ ಒಂದೇ ಆಗಿತ್ತು.

ಮಕ್ಕಳೇ, ಈಗ ಸ್ವಲ್ಪ ಲೆಕ್ಕ ಮಾಡೋಣ. ನಾಯಿ ಮೈ ಕೊಡವುವುದರ ಮೇಲೂ ಸಂಶೋಧನೆ ನಡೆದಿದೆ ಎಂದರೆ ನಗಬೇಡಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಡೇವಿಡ್ ಹು ಮತ್ತು ಸಂಗಡಿಗರು ಇಲಿಯಿಂದ ಕರಡಿಯವರೆಗೆ 33 ಪ್ರಾಣಿಗಳು ಮೈ ಕೊಡವುವುದನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಇಲಿ ಸೆಕೆಂಡಿಗೆ 30 ಬಾರಿಯ ಹತ್ತಿರ ಕೊಡವುತ್ತದೆ. ದೊಡ್ಡ ನಾಯಿ ನಾಲ್ಕೈದು ಬಾರಿ, ಕರಡಿ ಸುಮಾರು ನಾಲ್ಕು ಬಾರಿ. ಮೈ ಸಣ್ಣದಾದಷ್ಟೂ ವೇಗ ಹೆಚ್ಚು ಬೇಕು, ಇಲ್ಲದಿದ್ದರೆ ಕೂದಲಿಗೆ ಅಂಟಿದ ಹನಿ ಬಿಡುವುದಿಲ್ಲ. ಇನ್ನೊಂದು ವಿಚಿತ್ರವೆಂದರೆ, ನಾಯಿಯ ಬೆನ್ನೆಲುಬು ಒಂದು ಬದಿಗೆ 30 ಡಿಗ್ರಿ ತಿರುಗಿದರೆ ಅದರ ಮೇಲಿನ ಸಡಿಲ ಚರ್ಮ 90 ಡಿಗ್ರಿಯವರೆಗೆ ಹೊರಳುತ್ತದೆ. ಚರ್ಮ ಸಡಿಲವಿರುವುದರಿಂದಲೇ ನೀರು ಅಷ್ಟು ದೂರ ಹಾರುವುದು. ಹೀಗೆ ಒಂದು ನಾಯಿ ನಾಲ್ಕು ಸೆಕೆಂಡಿನಲ್ಲಿ ಮೈಮೇಲಿನ ನೀರಿನ ಸುಮಾರು 70 ಭಾಗವನ್ನು ಕಳೆದುಕೊಳ್ಳುತ್ತದೆ.

ಈ ಅಂಕಿಗಳನ್ನು ಇಟ್ಟುಕೊಂಡು, ಕರಿಯನ ಮೈಯ ಸುತ್ತಳತೆಯನ್ನೂ ನೋಡಿ ಲೆಕ್ಕ ಹಾಕಿದೆ. ಚರ್ಮದಿಂದ ಬಿಡಿಸಿಕೊಳ್ಳುವ ಹನಿಯ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 5 ಮೀಟರ್ ಬಂತು. ಕ್ಯಾಮೆರಾ 1/200 ಸೆಕೆಂಡು ಕಣ್ಣು ತೆರೆದರೆ, ಅಷ್ಟರಲ್ಲಿ ಹನಿ 25 ಮಿಲಿಮೀಟರ್ ಹೋಗಿರುತ್ತದೆ. ಚಿತ್ರದಲ್ಲಿ ಅದು ಹನಿಯಲ್ಲ, ಒಂದು ಇಂಚಿನ ಗೆರೆ. 1/1000 ಸೆಕೆಂಡಿನಲ್ಲಿ 5 ಮಿಲಿಮೀಟರ್. ಆಗಲೂ ಗೆರೆಯೇ. 1/10,000 ಸೆಕೆಂಡಾದರೆ ಅರ್ಧ ಮಿಲಿಮೀಟರ್. ಆಗ ಹನಿ ಹನಿಯಾಗಿ ಕಾಣುತ್ತದೆ.

ಆದರೆ ನನ್ನ ಕ್ಯಾಮೆರಾ ಫ್ಲ್ಯಾಶ್ ಜೊತೆಗೆ 1/200 ಸೆಕೆಂಡಿಗಿಂತ ವೇಗವಾಗಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾದರೆ 1/10,000 ಎಲ್ಲಿಂದ ತರುವುದು?

ಇದಕ್ಕೆ ಉತ್ತರ ನಮ್ಮೂರಿನವರಿಗೆ ಗೊತ್ತಿರುವುದೇ. ಮಳೆಗಾಲದ ರಾತ್ರಿ ಕರೆಂಟು ಹೋಗಿ ಗಾಳಿ ಎದ್ದಿರುವಾಗ ಮಿಂಚು ಹೊಡೆದರೆ, ತೂಗಾಡುತ್ತಿರುವ ತೆಂಗಿನ ಮರ ಬಾಗಿದ ಹಾಗೇ ನಿಂತಂತೆ ಕಾಣುತ್ತದೆ. ಮರ ನಿಂತಿಲ್ಲ, ನಮ್ಮ ಕಣ್ಣೂ ಮುಚ್ಚಿಲ್ಲ. ಬೆಳಕು ಬಂದು ಹೋದದ್ದು ಅಷ್ಟು ಹೊತ್ತು ಮಾತ್ರ. ಕತ್ತಲಲ್ಲಿ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿದ್ದರೂ ಚಿಂತೆಯಿಲ್ಲ, ಬೆಳಕು ಇದ್ದಷ್ಟು ಹೊತ್ತಿನದು ಮಾತ್ರ ಚಿತ್ರವಾಗುತ್ತದೆ.

ಇದನ್ನು ಮನುಷ್ಯ ಕಂಡುಕೊಂಡು ಬಹಳ ಕಾಲವಾಯಿತು. 1851ರಲ್ಲಿ ಲಂಡನ್ನಿನಲ್ಲಿ ಫಾಕ್ಸ್ ಟಾಲ್ಬಟ್ ಎಂಬುವರು ತಿರುಗುವ ಚಕ್ರಕ್ಕೆ ವೃತ್ತಪತ್ರಿಕೆಯ ಹಾಳೆ ಅಂಟಿಸಿ, ಕತ್ತಲ ಕೋಣೆಯಲ್ಲಿ ಒಂದು ವಿದ್ಯುತ್ ಕಿಡಿ ಹಾರಿಸಿ ಅದರ ಚಿತ್ರ ತೆಗೆದರು. ಆಮೇಲೆ ಅಮೆರಿಕದ ಎಂ.ಐ.ಟಿ.ಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಹೆರಾಲ್ಡ್ ಎಡ್ಗರ್ಟನ್ ಇದನ್ನೇ ಜೀವನದ ಕೆಲಸ ಮಾಡಿಕೊಂಡರು. ಹಾಲಿನ ಹನಿ ಬಿದ್ದು ಕಿರೀಟದಂತೆ ಏಳುವ ಅವರ 1957ರ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅವರೂ ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಬೆಳೆದವರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾವು ಅಂಗಡಿಯಲ್ಲಿ ಕೊಳ್ಳುವ ಫ್ಲ್ಯಾಶಿನೊಳಗೆ ಒಂದು ಕೆಪಾಸಿಟರ್ ಇರುತ್ತದೆ. ಅದು ಬ್ಯಾಟರಿಯ ವಿದ್ಯುತ್ತನ್ನು ತುಂಬಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ. ಇದನ್ನು ಕಾಲುವೆಯ ತೂಬಿಗೆ ಹೋಲಿಸಬಹುದು. ಪೂರ್ಣ ಶಕ್ತಿ ಎಂದರೆ ತೂಬಿನ ಬಾಗಿಲು ತೆರೆದು, ನಿಂತ ನೀರೆಲ್ಲ ಖಾಲಿಯಾಗುವವರೆಗೂ ಬಿಟ್ಟಂತೆ. ಮೊದಲು ಭೋರೆಂದು ಬರುತ್ತದೆ, ಆಮೇಲೆ ಸಣ್ಣಗೆ ಬಹಳ ಹೊತ್ತು ಹರಿಯುತ್ತಲೇ ಇರುತ್ತದೆ. ಶಕ್ತಿಯನ್ನು ಕಡಿಮೆ ಮಾಡುವುದು ಎಂದರೆ ಸಣ್ಣಗೆ ಬಿಡುವುದಲ್ಲ. ಅದೇ ರಭಸದಲ್ಲಿ ಬಿಟ್ಟು, ಬೇಗ ಬಾಗಿಲು ಹಾಕುವುದು. ಹಾಗಾಗಿ ಶಕ್ತಿ ಇಳಿಸಿದಷ್ಟೂ ಬೆಳಕಿನ ಅವಧಿ ಚಿಕ್ಕದಾಗುತ್ತದೆ. ಇಂಥ ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡು ಬೆಳಗುತ್ತದೆ, ಆಮೇಲಿನ ಮಂದ ಬಾಲ ಬೇರೆ. ಶಕ್ತಿಯನ್ನು 1/16ಕ್ಕೆ ಇಳಿಸಿದರೆ ಸುಮಾರು 1/10,000 ಸೆಕೆಂಡಿಗೆ ಮುಗಿದುಹೋಗುತ್ತದೆ.

ವೇಗ ಬೇಕೆಂದು ನಾನು ಶಕ್ತಿ ಏರಿಸಿದ್ದೆ. ಇಳಿಸಬೇಕಿತ್ತು. ಕರಿಯ ಹೆದರಿದ್ದೂ ಅದೇ ಹೆಚ್ಚಿನ ಬೆಳಕಿಗೆ. ಅದರ ಮೇಲೆ ನಾನು ಬಲ್ಬು ಬೇರೆ ಆರಿಸಿದ್ದೆ. ಕತ್ತಲಲ್ಲಿ ನಾಯಿಯ ಕಣ್ಣಿನ ಪಾಪೆ ಪೂರ್ತಿ ಅರಳಿರುತ್ತದೆ, ಅಂಥ ಕಣ್ಣಿಗೆ ನೇರವಾಗಿ ಬೆಳಕು ಎರಚಿದ್ದೆ.

ಬೆಳಕು ಹದಿನಾರರಲ್ಲಿ ಒಂದು ಪಾಲಾದರೆ ಚಿತ್ರ ಕಪ್ಪಾಗುವುದಿಲ್ಲವೇ ಎಂದು ನೀವು ಕೇಳಬೇಕು. ಆಗುತ್ತದೆ. ಅದಕ್ಕೆ ಕ್ಯಾಮೆರಾದ ಗ್ರಹಿಕೆಯನ್ನು, ಅಂದರೆ ಐಎಸ್‌ಒ ಎಂಬ ಅಂಕಿಯನ್ನು, 100ರಿಂದ 1600ಕ್ಕೆ ಏರಿಸಿದೆ. ಅದೂ ಹದಿನಾರು ಪಟ್ಟು. ಫ್ಲ್ಯಾಶಿನಲ್ಲಿ ನಾಲ್ಕು ಮೆಟ್ಟಿಲು ಇಳಿದು, ಕ್ಯಾಮೆರಾದಲ್ಲಿ ನಾಲ್ಕು ಮೆಟ್ಟಿಲು ಹತ್ತಿದೆ. ನಾಯಿಗೆ ಕೊಡುತ್ತಿದ್ದ ತೊಂದರೆಯನ್ನು ಯಂತ್ರದ ಮೇಲೆ ಹಾಕಿದೆ ಅನ್ನಿ. ಚಿತ್ರದಲ್ಲಿ ಸ್ವಲ್ಪ ಮರಳು ಮರಳಾಗಿ ಕಾಣುತ್ತದೆ, ಅಷ್ಟೇ ನಷ್ಟ.

ಲೆಕ್ಕ ಸರಿಹೋಯಿತು. ಕರಿಯನ ನಂಬಿಕೆ ಅಷ್ಟು ಬೇಗ ಸರಿಹೋಗಲಿಲ್ಲ. ಎರಡನೆಯ ದಿನ ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ. ಫ್ಲ್ಯಾಶನ್ನು ಮಾತ್ರ ಹಿತ್ತಲ ಕಟ್ಟೆಯ ಮೇಲೆ ಇಟ್ಟೆ. ಕರಿಯ ದೂರದಿಂದಲೇ ನೋಡಿತು. ಮೂರನೆಯ ದಿನ ಅವ್ವ ರೊಟ್ಟಿ ಹಾಕುವಾಗ, ಬಲ್ಬು ಉರಿಯುತ್ತಿರುವಂತೆಯೇ, ಫ್ಲ್ಯಾಶನ್ನು ಗೋಡೆಯ ಕಡೆ ತಿರುಗಿಸಿ ಕಡಿಮೆ ಶಕ್ತಿಯಲ್ಲಿ ಒಮ್ಮೆ ಹೊಡೆದೆ. ಕರಿಯ ಕಿವಿ ಎತ್ತಿ ನೋಡಿ ಮತ್ತೆ ರೊಟ್ಟಿಗೆ ಬಾಯಿ ಹಾಕಿತು. ಆಗ ನನಗೆ ಉಸಿರು ಬಂತು.

ನಾಲ್ಕನೆಯ ದಿನ ಸಂಜೆ ಮತ್ತೆ ಅಣಿ ಮಾಡಿಕೊಂಡೆ. ಈ ಸಲ ಫ್ಲ್ಯಾಶ್ ಕ್ಯಾಮೆರಾದ ಮೇಲಿಲ್ಲ. ನಾಯಿ ನಿಲ್ಲುವ ಜಾಗದ ಹಿಂದೆ, ಒಂದು ಬದಿಗೆ, ಹನ್ನೆರಡು ಅಡಿ ದೂರದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ಪ್ಲಾಸ್ಟಿಕ್ ಚೀಲ ಮುಚ್ಚಿದೆ. ಹಿಂದಿನಿಂದ ಬೆಳಕು ಬಿದ್ದರೆ ಕಣ್ಣಿಗೆ ಹೊಡೆಯುವುದಿಲ್ಲ. ಹನಿಗಳೂ ದೀಪದಂತೆ ಹೊಳೆಯುತ್ತವೆ, ಕಪ್ಪು ಮೈಯ ಅಂಚೂ ಕತ್ತಲಿನಿಂದ ಬಿಡಿಸಿಕೊಂಡು ಕಾಣುತ್ತದೆ. ಎದುರು ಬದಿಗೆ ಹಗ್ಗ ಕಟ್ಟಿ ಅವ್ವನ ಬಿಳಿ ಹಾಸಿಗೆ ಹೊದಿಕೆ ನೇತುಹಾಕಿದೆ. ಅದರಿಂದ ಮರಳಿದ ಬೆಳಕು ಮುಖಕ್ಕೆ ಸಾಕು. ಬಲ್ಬು ಉರಿಯುತ್ತಲೇ ಇತ್ತು. 1/200 ಸೆಕೆಂಡಿನಲ್ಲಿ ಅದರ ಬೆಳಕು ಚಿತ್ರಕ್ಕೆ ತಾಗುವಷ್ಟು ಇರುವುದಿಲ್ಲ. ನೆಲಕ್ಕೆ ಒಂದು ಭತ್ತದ ಚೀಲ ಹಾಸಿ, ಅದಕ್ಕೆ ಮೊದಲೇ ಫೋಕಸ್ ಮಾಡಿಟ್ಟುಕೊಂಡೆ.

ಅವ್ವ ಚೀಲದ ಮೇಲೆ ನಿಲ್ಲಿಸಿ ಕುತ್ತಿಗೆಯ ಹಿಂಭಾಗಕ್ಕೆ ಎರಡು ಚೊಂಬು ನೀರು ಹಾಕಿದಳು. ಅಲ್ಲಿಗೇ ಏಕೆ ಎಂದರೆ, ಕುತ್ತಿಗೆಯ ಹಿಂಭಾಗಕ್ಕೆ ಹನಿ ತಾಗಿದರೆ ಇಲಿಗಳು ಮೈ ಕೊಡವುತ್ತವೆ ಎಂದೂ, ಆ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳು ಯಾವುವು ಎಂದೂ ಹಾರ್ವರ್ಡಿನ ವಿಜ್ಞಾನಿಗಳು 2024ರಲ್ಲಿ ತೋರಿಸಿದ್ದಾರೆ. ಅವ್ವನಿಗೆ ಇದನ್ನು ಹೇಳಿದರೆ, "ಅದನ್ನ ಕೇಳಾಕ ಅಲ್ಲಿತನಕ ಹೋಗಬೇಕೇನು? ನನ್ನ ಕೇಳಿದ್ರ ಹೇಳ್ತಿದ್ದೆ" ಅಂದಳು.

ಕರಿಯ ಒಂದು ಚಣ ಸುಮ್ಮನೆ ನಿಂತಿತು. ಕಾಲು ಅಗಲಿಸಿ ಊರಿತು, ತಲೆ ತಗ್ಗಿಸಿತು. ಕೊಡವುವುದು ತಲೆಯಿಂದ ಶುರುವಾಗಿ ಬೆನ್ನಿನ ಮೂಲಕ ಬಾಲಕ್ಕೆ ಹೋಗುತ್ತದೆ. ತಲೆ ತಿರುಗಿದ್ದೇ ಒತ್ತಿದೆ. ಕಡಿಮೆ ಶಕ್ತಿಯ ಇನ್ನೊಂದು ಲಾಭ ಆಗ ಗೊತ್ತಾಯಿತು. ಪೂರ್ಣ ಶಕ್ತಿಯಲ್ಲಿ ಒಮ್ಮೆ ಹೊಡೆದರೆ ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ನಾಯಿಯ ಕೆಲಸ ಮುಗಿದಿರುತ್ತದೆ. ಈಗ ಒಂದೇ ಕೊಡವುವಿಕೆಯಲ್ಲಿ ನಾಲ್ಕು ಚಿತ್ರ ಸಿಕ್ಕವು. ಕರಿಯ ಓಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು, ಉಳಿದ ನೀರನ್ನು ನನ್ನ ಮೇಲೆ ಕೊಡವಿತು.

ನಾಲ್ಕರಲ್ಲಿ ಒಂದು ಚಿತ್ರ ಚೆನ್ನಾಗಿ ಬಂದಿದೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ಒಂದು ಕಿವಿ ಮೇಲೆ, ಇನ್ನೊಂದು ಮಗುಚಿಕೊಂಡಿದೆ. ಮೂತಿಯ ಸುತ್ತ ನರೆತ ಒಂದೊಂದು ಕೂದಲನ್ನೂ ಎಣಿಸಬಹುದು. ಸುತ್ತ ನೂರಾರು ಹನಿಗಳು ಗಾಳಿಯಲ್ಲಿ ನಿಂತಿವೆ. ಅವ್ವ ನೋಡಿ, "ನಮ್ಮ ಕರಿಯಾನ ಏನು ಇದು? ಹುಲಿ ಕಂಡಂಗ ಕಾಣ್ತೈತಿ" ಅಂದಳು. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಳು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಇಂಥ ಚಿತ್ರ ತೆಗೆಯುವುದಾದರೆ ಎರಡು ಮಾತು ನೆನಪಿಡಿ. ಕಾಲುವೆಯ ದಂಡೆಯ ಮೇಲೆ ಮಾಡಬೇಡಿ, ನೀರಿನ ಸೆಳೆತ ಮನುಷ್ಯನನ್ನೂ ನಾಯಿಯನ್ನೂ ನೋಡುವುದಿಲ್ಲ. ಕರೆಂಟಿನ ವೈರನ್ನು ನೀರಿನ ಹತ್ತಿರ ತರಬೇಡಿ, ಬ್ಯಾಟರಿಯ ಫ್ಲ್ಯಾಶ್ ಸಾಕು. ನಾಯಿ ಬೇಡ ಎಂದ ದಿನ ಬಿಟ್ಟುಬಿಡಿ.

ಶಾಲೆಗೆಂದು ಎರಡು ಚಿತ್ರಗಳಿಗೆ ಕಟ್ಟು ಹಾಕಿಸಿ ತಂದಿದ್ದೇನೆ. ಒಂದು ಚೆನ್ನಾಗಿ ಬಂದದ್ದು. ಇನ್ನೊಂದು ಮೊದಲ ರಾತ್ರಿಯ ಕೆಟ್ಟ ಚಿತ್ರ. ಎರಡರ ಕೆಳಗೂ ಆ ದಿನದ ಅಂಕಿಗಳನ್ನು ಬರೆದಿದ್ದೇನೆ. ವಿಜ್ಞಾನದ ಕೋಣೆಯಲ್ಲಿ ಇವೆರಡನ್ನೂ ಪಕ್ಕಪಕ್ಕದಲ್ಲೇ ಹಾಕಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಒಂದರಿಂದ ಇನ್ನೊಂದಕ್ಕೆ ಏನು ಬದಲಾಯಿತು ಎಂದು ಒಬ್ಬ ವಿದ್ಯಾರ್ಥಿ ನಿಂತು ಲೆಕ್ಕ ಹಾಕಿದರೂ ನಾನು ಬಂದದ್ದು ಸಾರ್ಥಕ.