ತಂದೆ ಮುಚ್ಚಿಟ್ಟ ಮನೆತನ



ನಿಮ್ಮ ಮುತ್ತಜ್ಜನ ಹೆಸರು ನಿಮಗೆ ಗೊತ್ತೇ? ಅಮೆರಿಕದ ಅನಟೋಲ್ ಬ್ರೊಯಾರ್ಡ್ ಎಂಬವರ ಮಕ್ಕಳು ಸ್ವಂತ ಸೋದರತ್ತೆಯರ ಒಡನಾಟವೇ ಇಲ್ಲದೆ ಬೆಳೆದರು.

ಬ್ರೊಯಾರ್ಡ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರಾಂತ ಪುಸ್ತಕ ವಿಮರ್ಶಕರು. 1920ರಲ್ಲಿ ನ್ಯೂ ಆರ್ಲಿಯನ್ಸ್‌ನ ಕಪ್ಪು ಕ್ರಿಯೋಲ್ ಕುಟುಂಬದಲ್ಲಿ ಹುಟ್ಟಿದವರು. ಆದರೆ ಮೈಬಣ್ಣ ತಿಳಿ. ಆಗ ಅಲ್ಲಿ 'ಒಂದು ಹನಿ ರಕ್ತ'ದ ನಿಯಮವಿತ್ತು. ಹಿರೀಕರಲ್ಲಿ ಒಬ್ಬರು ಕಪ್ಪಗಿದ್ದರೂ ಸಾಕು, ನೀವು ಕಪ್ಪು ಜನರ ಲೆಕ್ಕಕ್ಕೆ. ವರ್ಜೀನಿಯಾ ರಾಜ್ಯ 1924ರಲ್ಲಿ ಹೆಚ್ಚುಕಡಿಮೆ ಇದನ್ನೇ ಕಾನೂನು ಮಾಡಿತು. ಬಡಗಿಯಾಗಿದ್ದ ತಂದೆ ಕೆಲಸ ಸಿಗಲೆಂದು ಬಿಳಿಯರಂತೆ ನಡೆದುಕೊಂಡರು. ಮಗನೋ ಇಡೀ ಬದುಕನ್ನೇ ಹಾಗೆ ಕಳೆದರು.

ಅವರ ತಂಗಿ ಶರ್ಲಿ ಮಾತ್ರ ಕಪ್ಪು ಮಹಿಳೆಯಾಗಿಯೇ ಬಾಳಿದರು. ಆಕೆಯ ಪತಿ ಫ್ರಾಂಕ್ಲಿನ್ ವಿಲಿಯಮ್ಸ್ ಕಪ್ಪು ಜನರ ಹಕ್ಕಿಗಾಗಿ ವಾದಿಸಿದ ವಕೀಲರು, ಮುಂದೆ ಘಾನಾದಲ್ಲಿ ಅಮೆರಿಕದ ರಾಯಭಾರಿ. ಯೋಚಿಸಿ ನೋಡಿ: ಒಂದೇ ತಾಯಿಯ ಮಕ್ಕಳು, ಅಣ್ಣ ಬಿಳಿಯ ಜನಾಂಗ, ತಂಗಿ ಕಪ್ಪು ಜನಾಂಗ! ಹಾಗಾದರೆ ಜನಾಂಗವೆಂಬುದು ರಕ್ತದಲ್ಲಿ ಎಲ್ಲಿದೆ?

ಬ್ರೊಯಾರ್ಡರನ್ನು ದೂರಲು ನನಗೆ ಮನಸ್ಸಿಲ್ಲ. ನಿಜ ಹೇಳಿದರೆ ಬಾಗಿಲು ಮುಚ್ಚುತ್ತಿದ್ದ ಕಾಲವದು. ಹೆಣ್ಣು ನೋಡಲು ಹೊರಟಾಗ 'ಹುಡುಗಿಯ ಬಣ್ಣ ಹೇಗೆ?' ಎಂದು ಮೊದಲು ಕೇಳುವ ನಾವು ಅಮೆರಿಕನ್ನರನ್ನು ನೋಡಿ ನಗುವಂತೆಯೂ ಇಲ್ಲ.

1990ರಲ್ಲಿ ಅವರು ಕ್ಯಾನ್ಸರ್‌ನಿಂದ ಸಾವಿನಂಚಿನಲ್ಲಿದ್ದಾಗ ಪತ್ನಿಯೇ ಮಕ್ಕಳಿಗೆ ವಿಷಯ ತಿಳಿಸಿದರು. ತಂದೆಯ ಬಾಯಿಂದ ಅದು ಕೊನೆಗೂ ಬರಲಿಲ್ಲ. ಮಗಳು ಬ್ಲಿಸ್ ಹಳೆಯ ದಾಖಲೆಗಳನ್ನು ತಡಕಿ, ಬಂಧುಗಳನ್ನು ಹುಡುಕಿ, 2007ರಲ್ಲಿ 'ಒನ್ ಡ್ರಾಪ್' ಎಂಬ ಪುಸ್ತಕ ಬರೆದರು.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆಯೇ? ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ.